ಹಳೇ ಬ್ರೇಕ್‌ಡೌನ್ ಲಾರಿಗೆ ಮೂರು ಜಾತಕ

ತುಮಕೂರು–ಶಿರಾ ರಸ್ತೆಯ ಗುಜರಿ ಅಂಗಡಿಗಳಲ್ಲೋ, ಕೋಲಾರ–ಮುಳಬಾಗಿಲು ದಾರಿಯ ಹಳೇ ಗ್ಯಾರೇಜುಗಳ ಹಿತ್ತಿಲಲ್ಲೋ ಕೆಟ್ಟು ನಿಂತ ಗಾಡಿಗಳನ್ನು ಎತ್ತಿ ಎಳೆದು ತರುತ್ತಿದ್ದ ಹಳೇ ಬ್ರೇಕ್‌ಡೌನ್ ಲಾರಿಯೊಂದು ಈಗಲೂ ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತದೆ. ಹಿಂದೆ ಮುಕ್ಕೋನದ ಕಬ್ಬಿಣದ ಕ್ರೇನು, ಮುಂದಿನ ಬಂಪರಿಗೆ ಕಟ್ಟಿದ ರೈಲುಕಂಬಿಯ ತುಂಡು, ಗಾಳಿ ಇಳಿದ ಟೈರುಗಳ ಸುತ್ತ ಪಾರ್ಥೇನಿಯಂ. ಅಕ್ಕಪಕ್ಕದವರನ್ನು ಕೇಳಿದರೆ ಸಿಗುವ ಉತ್ತರ ಒಂದೇ: "ಅದಾ? ಮಿಲಿಟರಿ ಲಾರಿ ಸಾರ್. ಎರಡನೇ ಮಹಾಯುದ್ಧದ್ದು." ಕೆಲವೊಮ್ಮೆ ಅದು ನಿಜ, ಹೆಚ್ಚಿನ ಸಲ ಅರ್ಧ ನಿಜ.

ನಮ್ಮ ಕಡೆಯ ಬ್ರೇಕ್‌ಡೌನ್ ಲಾರಿಗಳಲ್ಲಿ ಕಾರ್ಖಾನೆಯಿಂದ ಇಡಿಯಾಗಿ ಹಾಗೇ ಹೊರಬಂದದ್ದು ಅಪರೂಪ. ಚಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು, ಒಂದು ಕಂಪನಿಯದು, ಕ್ಯಾಬಿನ್ ಯಾರೋ ಬಾಡಿ ಕಟ್ಟುವವರ ಕೈಕೆಲಸ, ಕ್ರೇನು ಇನ್ಯಾವುದೋ ವರ್ಕ್‌ಶಾಪಿನದು. ಮೂರಕ್ಕೂ ಬೇರೆಬೇರೆ ವಯಸ್ಸು. ಎಂಜಿನ್ ಬದಲಾಗಿದ್ದರೆ ನಾಲ್ಕನೆಯದೂ ಸೇರಿತು. ಹಾಗಾಗಿ "ಇದು ಯಾವ ವರ್ಷದ ಗಾಡಿ?" ಎಂದು ಒಂದೇ ಪ್ರಶ್ನೆ ಹಾಕಿ ಒಂದೇ ಉತ್ತರ ಹುಡುಕುವವರು ಸಾಮಾನ್ಯವಾಗಿ ಎಡವುತ್ತಾರೆ. ಆರ್‌ಸಿಯಲ್ಲಿರುವುದು ನೋಂದಣಿಯ ತಾರೀಖು. ಮಿಲಿಟರಿಯಿಂದ ಹರಾಜಿನಲ್ಲಿ ಬಂದ ಗಾಡಿಗೆ ಆ ತಾರೀಖು ಹುಟ್ಟಿದ ಎಷ್ಟೋ ವರ್ಷಗಳ ನಂತರದ್ದಾಗಿರುತ್ತದೆ. ಕ್ರೇನಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರು ಜಿಲ್ಲೆಗಳಲ್ಲಿ ಇಂಥ ಗಾಡಿಗಳಿಗೆ ಕೆಲಸ ಇದ್ದದ್ದು ರಸ್ತೆಯ ದೆಸೆಯಿಂದ. ಮದ್ರಾಸಿನಿಂದ ಹೊರಟ ಹಳೆಯ 4ನೇ ನಂಬರಿನ ಹೆದ್ದಾರಿ ಮುಳಬಾಗಿಲು, ಕೋಲಾರ, ಬೆಂಗಳೂರು ದಾಟಿ ತುಮಕೂರು, ಶಿರಾ ಮೇಲೆ ಮುಂಬೈ ಕಡೆಗೆ ಹೋಗುತ್ತಿತ್ತು. ತುಮಕೂರಿನಲ್ಲಿ ಅದರಿಂದ ತಿಪಟೂರು, ಅರಸೀಕೆರೆ ಕಡೆಯ ಹಳೆಯ 206 ಕವಲೊಡೆಯುತ್ತಿತ್ತು. ಚಿಕ್ಕಬಳ್ಳಾಪುರ, ಬಾಗೇಪಲ್ಲಿ ಮೇಲೆ ಹೈದರಾಬಾದಿಗೆ ಹಳೆಯ 7, ಅಂದರೆ ಈಗಿನ 44. ಇದರ ಜೊತೆಗೆ 1948ರಲ್ಲಿ ಶುರುವಾದ ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆಯ ಬಸ್ಸುಗಳು, ಕೆಜಿಎಫ್ ಗಣಿಯ ವರ್ಕ್‌ಶಾಪುಗಳು, 1964ರಲ್ಲಿ ಬಂದ, ಮಣ್ಣು ಅಗೆಯುವ ಭಾರಿ ಯಂತ್ರ ತಯಾರಿಸುವ ಬಿಇಎಂಎಲ್. ಕಬ್ಬಿಣ ಕತ್ತರಿಸಿ, ಬಗ್ಗಿಸಿ, ಬೆಸೆಯುವ ಕೈಗಳಿಗೆ ಈ ಸೀಮೆಯಲ್ಲಿ ಕೊರತೆ ಇರಲಿಲ್ಲ.

ಚಾಸಿಯಿಂದ ಶುರು ಮಾಡಿ

ಕ್ಯಾಬಿನ್ ನೋಡಿ ಗಾಡಿಯ ಹೆಸರು ಹೇಳುವ ಚಪಲ ಎಲ್ಲರಿಗೂ ಇರುತ್ತದೆ. ಅದನ್ನು ತಡೆಯಬೇಕು. ಭಾರತದಲ್ಲಿ ದಶಕಗಳ ಕಾಲ ದೊಡ್ಡ ಲಾರಿಗಳು ಬರೀ ಚಾಸಿಯಾಗಿ, ಹೆಚ್ಚೆಂದರೆ ಮುಂದೊಂದು ಕೌಲ್ (ಬಾನೆಟ್ಟಿಗೂ ಮುಂದಿನ ಗಾಜಿಗೂ ನಡುವಿನ ತಗಡಿನ ಭಾಗ) ಹೊತ್ತು ಮಾರಾಟವಾಗುತ್ತಿದ್ದವು. ಮರದ ಚೌಕಟ್ಟಿಗೆ ತಗಡು ಹೊದಿಸಿ ಕ್ಯಾಬಿನ್ ಕಟ್ಟುತ್ತಿದ್ದವರು ಊರಿನ ಬಾಡಿ ಬಿಲ್ಡರುಗಳು. ಗಾಡಿ ಒಮ್ಮೆ ಮಗುಚಿದರೆ ಕ್ಯಾಬಿನ್ ಹೊಸದು, ಬಣ್ಣವೂ ಹೊಸದು. ಬ್ರೇಕ್‌ಡೌನ್ ಲಾರಿಯ ಕ್ಯಾಬಿನ್ ಎರಡು ಮೂರು ಸಲ ಬದಲಾಗಿರುವುದು ಮಾಮೂಲು.

ಬೇಕಾದ ಸಾಮಾನು ಇಷ್ಟೇ: ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ತಂತಿ ಬ್ರಷ್ಷು, ಸೀಮೆಸುಣ್ಣ, ಟೇಪು, ತೆಳು ಕಾಗದ, ಪೆನ್ಸಿಲ್, ಟಾರ್ಚು, ಬೋಲ್ಟಿನ ಸುತ್ತು ಅಳೆಯುವ ಥ್ರೆಡ್ ಗೇಜು. ಚಾಸಿ ನಂಬರನ್ನು ಸಾಮಾನ್ಯವಾಗಿ ಮುಂದಿನ ಚಕ್ರದ ಆಸುಪಾಸು ಚಾಸಿಯ ಪಕ್ಕಕ್ಕೆ ಗುದ್ದಿರುತ್ತಾರೆ. ಗ್ರೀಸು, ಬಣ್ಣ ಮೆತ್ತಿದ್ದರೆ ಬಟ್ಟೆಯಿಂದ ನೆನೆಸಿ ಬ್ರಷ್ಷಿನಿಂದ ಉಜ್ಜಿ. ಗ್ರೈಂಡರ್ ಮಾತ್ರ ಹಿಡಿಯಬೇಡಿ, ನಂಬರೇ ಹೋಗುತ್ತದೆ. ಅಕ್ಷರ ಮಸುಕಾಗಿದ್ದರೆ ಮೇಲೆ ಸೀಮೆಸುಣ್ಣ ಸವರಿ ಒರೆಸಿದರೆ ಗುಳಿಯಲ್ಲಿ ಬಿಳಿ ಉಳಿಯುತ್ತದೆ, ಅಥವಾ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಬೀಳುತ್ತದೆ. ಕೌಲ್ ಮೇಲೆ ರಿವೆಟ್ ಹೊಡೆದ ಫಲಕ ಇದ್ದರೆ ಅದರ ನಂಬರನ್ನು ಚಾಸಿಗೆ ತಾಳೆ ನೋಡಿ. ಫಲಕದ ರಿವೆಟ್ ಹೋಗಿ ಸ್ಕ್ರೂ ಕೂತಿದ್ದರೆ ಫಲಕ ಬೇರೆ ಗಾಡಿಯದೆಂದು ಅನುಮಾನಪಡಲು ಅದೇ ಸಾಕು.

ನಂಬರ್ ಸಿಗದಿದ್ದರೆ ನಟ್ಟು ಬೋಲ್ಟನ್ನು ಕೇಳಿ. ಗಾಡಿಯ ದೇಶ ಯಾವುದು ಅನ್ನುವುದನ್ನು ಬೋಲ್ಟಿನಷ್ಟು ನಿಯತ್ತಾಗಿ ಹೇಳುವ ವಸ್ತು ಬೇರೆ ಇಲ್ಲ. ಟಾಟಾ ಮರ್ಸಿಡಿಸ್ ಜರ್ಮನಿಯ ಸಂತತಿ, ಸೇನೆಯ ಶಕ್ತಿಮಾನ್ ಲಾರಿ ಕೂಡ ಜರ್ಮನಿಯ ಎಂಎಎನ್ ಕಂಪನಿಯ ಲೈಸೆನ್ಸಿನದು. ಎರಡರಲ್ಲೂ ಮಿಲಿಮೀಟರ್ ಪಾನಾ ಕೂರುತ್ತದೆ. ಷೆವ್ರೊಲೆ, ಫೋರ್ಡ್, ಡಾಡ್ಜ್ ಅಮೆರಿಕನ್ ಇಂಚು. ಹಳೇ ಬ್ರಿಟಿಷ್ ಗಾಡಿಗಳಲ್ಲಿ ವಿಟ್‌ವರ್ತ್ ಮತ್ತು ಬಿಎಸ್‌ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್) ಎಂಬ ಥ್ರೆಡ್ಡುಗಳು, ಅವೂ ಇಂಚಿನವೇ. ಈ ಎರಡು ಬಗೆಯ ಇಂಚಿನ ಬೋಲ್ಟುಗಳ ವ್ಯತ್ಯಾಸ ಹಿಡಿಯಲು ಅರ್ಧ ಇಂಚಿನ ದಪ್ಪ ಥ್ರೆಡ್ಡಿನ ಬೋಲ್ಟು ಹುಡುಕಿ: ವಿಟ್‌ವರ್ತ್ ಆದರೆ ಇಂಚಿಗೆ 12 ಸುತ್ತು, ಥ್ರೆಡ್ಡಿನ ಕೋನ 55 ಡಿಗ್ರಿ, ಅಮೆರಿಕನ್ ಆದರೆ 13 ಸುತ್ತು, 60 ಡಿಗ್ರಿ. ಪಾನಾಗಳಲ್ಲೂ ಮೋಸ ಹೋಗುವುದುಂಟು. ವಿಟ್‌ವರ್ತ್ ಪಾನಾ ಮೇಲೆ ಅರ್ಧ ಎಂದಿದ್ದರೆ ಅದು ಬೋಲ್ಟಿನ ದಪ್ಪ. ಅಮೆರಿಕನ್ ಪಾನಾ ಮೇಲೆ ಅರ್ಧ ಎಂದಿದ್ದರೆ ಅದು ಪಾನಾದ ಬಾಯಿಯ ಅಗಲ. ಚಾಸಿಯ ಅಡ್ಡಪಟ್ಟಿ, ಸ್ಟೀರಿಂಗ್ ಬಾಕ್ಸು, ಗೇರ್‌ಬಾಕ್ಸಿನ ಬೋಲ್ಟುಗಳನ್ನು ನೋಡಿ. ರೇಡಿಯೇಟರ್, ಮಡ್‌ಗಾರ್ಡಿನ ಬೋಲ್ಟುಗಳು ಊರಿನ ಹಾರ್ಡ್‌ವೇರ್ ಅಂಗಡಿಯಿಂದ ಬಂದಿರುತ್ತವೆ.

ಕಂಪನಿಯ ಹೆಸರೂ ಒಂದು ಮಟ್ಟಿಗೆ ಗಡಿ ಹಾಕಿಕೊಡುತ್ತದೆ. ಫೋರ್ಡ್, ಜನರಲ್ ಮೋಟಾರ್ಸ್ ಎರಡೂ 1954ರ ಹೊತ್ತಿಗೆ ಭಾರತದಲ್ಲಿ ಗಾಡಿ ಜೋಡಿಸುವುದನ್ನು ನಿಲ್ಲಿಸಿದ್ದವು. ಹಾಗಾಗಿ ಹಳೇ ಷೆವ್ರೊಲೆ, ಫೋರ್ಡ್ ಲಾರಿಯ ಚಾಸಿ ಬಹುಮಟ್ಟಿಗೆ ಅದಕ್ಕೂ ಹಿಂದಿನದೇ. ಅದೇ 1954ರಲ್ಲಿ ಟಾಟಾದವರ ಟೆಲ್ಕೊ ಮತ್ತು ಡೈಮ್ಲರ್-ಬೆಂಜ್ ಜೊತೆಗೂಡಿ ಟಾಟಾ ಮರ್ಸಿಡಿಸ್ ತಂದವು. ಒಪ್ಪಂದ ಮುಗಿದದ್ದು 1969ರಲ್ಲಿ, ಆಮೇಲೆ ಮೂತಿಯ ಮೇಲಿನ ಮರ್ಸಿಡಿಸ್ ನಕ್ಷತ್ರ ಹೋಗಿ ಟಾಟಾ ಗುರುತು ಬಂತು. ಹಾಗೆಂದು ನಕ್ಷತ್ರ ಕಂಡ ಕೂಡಲೇ 1969ಕ್ಕೆ ಮುಂಚಿನದು ಎಂದು ಬರೆದುಕೊಳ್ಳಬೇಡಿ. ಗುಜರಿಯಿಂದ ನಕ್ಷತ್ರ ತಂದು ಹೊಸ ಲಾರಿಗೆ ಸಿಕ್ಕಿಸಿಕೊಳ್ಳುವ ಶೋಕಿ ಡ್ರೈವರುಗಳಲ್ಲಿ ಬಹಳ ಇತ್ತು. ಟಾಟಾದ ಮಾಡೆಲ್ ನಂಬರ್ ಓದುವುದು ಸುಲಭ: 1210 ಅಂದರೆ ಸುಮಾರು 12 ಟನ್ ಒಟ್ಟು ತೂಕ, ಸುಮಾರು 100 ಅಶ್ವಶಕ್ತಿ. ಮುಂಬೈಯ ಪ್ರೀಮಿಯರ್ ಕಂಪನಿಯ ಡಾಡ್ಜ್, ಫಾರ್ಗೊಗಳ ಬಗ್ಗೆ ಜಗಳ ಆಡುವುದು ವ್ಯರ್ಥ. ಲಾರಿ ಒಂದೇ, ಹೆಸರು ಬೇರೆ. ಮದ್ರಾಸಿನ ಅಶೋಕ್ ಲೇಲ್ಯಾಂಡ್‌ಗೆ ಆ ಹೆಸರು ಬಂದದ್ದು 1955ರಲ್ಲಿ. ಅದರ ಕಾಮೆಟ್ ಚಾಸಿ ಲಾರಿಗೂ ಬಸ್ಸಿಗೂ ಬಳಕೆಯಾದದ್ದು.

ಬಸ್ಸಿನ ಚಾಸಿಯಿಂದ ಮಾಡಿದ ಬ್ರೇಕ್‌ಡೌನ್ ಗಾಡಿಗಳಿಗೆ ಗುರುತು ಬೇರೆ. ಕ್ರೇನಿಗೆ ಗಿಡ್ಡ ಗಾಡಿ ಬೇಕು, ಬಸ್ಸು ಉದ್ದ. ಆದ್ದರಿಂದ ಚಾಸಿಯನ್ನು ಮಧ್ಯೆ ಕತ್ತರಿಸಿ ಕೂಡಿಸಿರುತ್ತಾರೆ. ಗಾಡಿಯಡಿ ಮಲಗಿ ಟಾರ್ಚು ಬಿಟ್ಟರೆ ಮೂರು ಸಾಕ್ಷಿ ಸಿಗುತ್ತದೆ: ಒಳಗಡೆ ಸೇರಿಸಿದ ಪಟ್ಟಿ, ಗಿಡ್ಡ ಮಾಡಿ ಬೆಸೆದ ಪ್ರೊಪೆಲ್ಲರ್ ಶಾಫ್ಟು (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಉದ್ದ ದಂಡ), ಮತ್ತು ಆ ಶಾಫ್ಟಿನ ಬೇರಿಂಗ್ ಬ್ರಾಕೆಟ್ ಕಳಚಿದ ಕಡೆ ಉಳಿದ ಖಾಲಿ ತೂತುಗಳು.

ನಿಜವಾದ ಮಿಲಿಟರಿ ಲಾರಿ

"ಡಿಸ್ಪೋಸಲ್ ಲಾರಿ" ಎನ್ನುವ ಮಾತು ಹಳಬರ ಬಾಯಲ್ಲಿ ಇನ್ನೂ ಇದೆ. ಯುದ್ಧ ಮುಗಿದ ಮೇಲೆ ಮಿತ್ರಪಡೆಗಳು ಬಿಟ್ಟುಹೋದ ಗಾಡಿಗಳು ಹರಾಜಾದವು. ಅವುಗಳಲ್ಲಿ ಸುಲಭವಾಗಿ ಗುರುತು ಸಿಗುವುದು ಕೆನಡಾದ ಫೋರ್ಡ್ ಮತ್ತು ಷೆವ್ರೊಲೆ ಕಂಪನಿಗಳು ಒಂದೇ ನಕ್ಷೆಯಲ್ಲಿ 4 ಲಕ್ಷಕ್ಕೂ ಹೆಚ್ಚು ಮಾಡಿದ ಸಿಎಂಪಿ (ಕೆನೇಡಿಯನ್ ಮಿಲಿಟರಿ ಪ್ಯಾಟರ್ನ್) ಲಾರಿ. ಮೊಂಡು ಮೂತಿ, ಬಲಗಡೆ ಸ್ಟೀರಿಂಗ್. ಕೊನೆಯ ಮಾದರಿಯ ಕ್ಯಾಬಿನ್ನಿನಲ್ಲಿ ಮುಂದಿನ ಗಾಜು ಉಲ್ಟಾ ವಾಲಿರುತ್ತದೆ, ಮೇಲಂಚು ಮುಂದಕ್ಕೆ, ಕೆಳಗಂಚು ಹಿಂದಕ್ಕೆ. ಬಾನೆಟ್ ಎತ್ತಿದಾಗ ವಿ8 ಎಂಜಿನ್ ಇದ್ದರೆ ಫೋರ್ಡ್, ಸಾಲಾಗಿ ಆರು ಸಿಲಿಂಡರ್ ಇದ್ದರೆ ಷೆವ್ರೊಲೆ. ಎಂಜಿನ್ನೇ ಡೀಸೆಲ್ಲಿಗೆ ಬದಲಾಗಿದ್ದರೆ ಟೇಪು ತೆಗೆಯಿರಿ: ಮುಂದಿನ ಮತ್ತು ಹಿಂದಿನ ಹೌಸಿಂಗ್‌ಗಳ, ಅಂದರೆ ಆಕ್ಸಲ್ ಕವಚಗಳ, ನಡುವಿನ ಅಂತರ 101, 115, 134 ಅಥವಾ 158 ಇಂಚಿಗೆ ಕೂತರೆ ಸಿಎಂಪಿ ಎನ್ನುವ ಅನುಮಾನ ಬಲವಾಗುತ್ತದೆ.

ಇದರ ಚಕ್ರದ ವಿಷಯದಲ್ಲಿ ಹುಷಾರಾಗಿರಬೇಕು. ಯುದ್ಧಕಾಲದ ಬ್ರಿಟಿಷ್, ಕೆನಡಾ ಗಾಡಿಗಳಲ್ಲಿ ಡಿಸ್ಕು ಎರಡು ಹೋಳು. ಒಂದು ಸುತ್ತಿನ ನಟ್ಟುಗಳು ಚಕ್ರವನ್ನು ಹಬ್ಬಿಗೆ ಹಿಡಿಯುತ್ತವೆ, ಇನ್ನೊಂದು ಸುತ್ತಿನವು ಎರಡು ಹೋಳುಗಳನ್ನು ಒಂದಕ್ಕೊಂದು ಹಿಡಿಯುತ್ತವೆ. ಟೈರಿನಲ್ಲಿ ಗಾಳಿ ಇದ್ದಾಗ ಎರಡನೆಯ ಸುತ್ತನ್ನು ಬಿಚ್ಚಿದರೆ ಹೋಳು ಸಿಡಿದು ಎದುರಿಗಿದ್ದವರ ಪ್ರಾಣ ಹೋಗುತ್ತದೆ. ಅದಕ್ಕೇ ಸೇನೆಯಲ್ಲಿ ಆ ನಟ್ಟುಗಳಿಗೆ ಕೆಂಪು ಬಣ್ಣ ಬಳಿಯುತ್ತಿದ್ದರು. ಎಂಟು ಪದರ ಬಣ್ಣದಡಿ ಆ ಕೆಂಪು ಈಗ ಕಾಣುವುದಿಲ್ಲ. ವಾಲ್ವಿನ ಪಿನ್ನು ಕಿತ್ತು, ಅದರ ತೂತಿಗೆ ತಂತಿ ಆಡಿಸಿ ಗಾಳಿ ಪೂರಾ ಹೋಗಿದೆ ಎಂದು ಖಾತ್ರಿಯಾಗುವವರೆಗೆ ಈ ಚಕ್ರದ ಯಾವ ನಟ್ಟಿಗೂ ಪಾನಾ ಹಾಕಬಾರದು.

ಆದರೆ ಇಲ್ಲಿ ಸಿಗುವ ಹೆಚ್ಚಿನ "ಮಿಲಿಟರಿ ಲಾರಿ"ಗಳು ಸ್ವಾತಂತ್ರ್ಯಾನಂತರದವು. 1959ರಿಂದ ಜಬಲ್ಪುರದ ಕಾರ್ಖಾನೆಯಲ್ಲಿ ತಯಾರಾದ ಶಕ್ತಿಮಾನ್, ಅಲ್ಲಿಯದೇ ನಿಸ್ಸಾನ್ ಒಂದು ಟನ್ ಗಾಡಿ. ಬಾಗಿಲಿನಡಿ, ಬಂಪರಿನ ಹಿಂಬದಿ ಬಣ್ಣ ಕೆರೆದರೆ ಆಲಿವ್ ಹಸಿರು ಸಿಗುತ್ತದೆ. ಇನ್ನೂ ಅದೃಷ್ಟವಿದ್ದರೆ ಹಳೇ ನಂಬರೇ ಸಿಗುತ್ತದೆ. ಮೇಲ್ಮುಖದ ಬಾಣದ ಗುರುತು, ಅದರ ಪಕ್ಕದ ಎರಡು ಅಂಕಿ ಸೇನೆ ಆ ಗಾಡಿಯನ್ನು ತೆಗೆದುಕೊಂಡ ವರ್ಷ. ಕೆರೆಯುವಾಗ ಬ್ಲೇಡು ಬೇಡ. 400 ನಂಬರಿನ ನೀರುಕಾಗದದಲ್ಲಿ (ವಾಟರ್ ಪೇಪರ್) ನೀರು ಹಾಕಿಕೊಂಡು ಉಜ್ಜಿದರೆ ಪದರ ಪದರವಾಗಿ ಬರುತ್ತದೆ.

ಕ್ರೇನು: ಇದೇ ಅಸಲು ವಿಷಯ

ಲಾರಿಯ ಹಿಂದೆ ಕ್ರೇನು ಕೂರಿಸುವ ಬುದ್ಧಿ ಹಳೆಯದು. ಅಮೆರಿಕದ ಚಟನೂಗ ಊರಿನ ಅರ್ನೆಸ್ಟ್ ಹೋಮ್ಸ್ 1916ರಲ್ಲಿ ಕಾರಿನ ಮೇಲೆ ಇಂಥದ್ದೊಂದನ್ನು ಕಟ್ಟಿದ್ದ. ಅವನ ಕಂಪನಿಯ ಕ್ರೇನುಗಳಿಗೆ ಎರಡು ತೋಳು. ಒಂದನ್ನು ಹಳ್ಳಕ್ಕೆ ಬಿದ್ದ ಗಾಡಿಯ ಕಡೆಗೆ ತಿರುಗಿಸಿ, ಇನ್ನೊಂದರ ಹಗ್ಗವನ್ನು ಎದುರು ಬದಿಯ ಮರಕ್ಕೆ ಬಿಗಿದರೆ ಎಳೆಯುವ ಲಾರಿ ಮಗುಚುವುದಿಲ್ಲ. ಯುದ್ಧಕಾಲದಲ್ಲಿ ಡೈಮಂಡ್ ಟಿ 969 ಲಾರಿಯ ಮೇಲೆ ಇದ್ದದ್ದು ಇದೇ ಕಂಪನಿಯ ಡಬ್ಲ್ಯು-45. ಬ್ರಿಟಿಷ್ ಸೇನೆಯ 3 ಟನ್ ಬ್ರೇಕ್‌ಡೌನ್ ಲಾರಿಗಳ ದಾರಿ ಬೇರೆ: ಬಾಡಿಯ ಮೇಲೆ ಉದ್ದಕ್ಕೆ ಒಂದು ಐ-ಬೀಮು, ಅದರ ಮೇಲೆ ಓಡಾಡುವ, ಸರಪಳಿ ಎಳೆದು ಭಾರ ಎತ್ತುವ ಚೈನ್ ಬ್ಲಾಕು. ತೋಳೆರಡಿದ್ದರೆ ಅಮೆರಿಕದ ನೆರಳು, ಓಡುವ ಚೈನ್ ಬ್ಲಾಕಿದ್ದರೆ ಬ್ರಿಟಿಷರದು. ನಮ್ಮ ಊರುಗಳಲ್ಲಿ ಕಟ್ಟಿದ ಕ್ರೇನಿಗೆ ಸಾಮಾನ್ಯವಾಗಿ ಒಂದೇ ತೋಳು, ತಿರುಗುವುದಿಲ್ಲ, ಎತ್ತುವುದು ಇಳಿಸುವುದು ಅಷ್ಟೇ.

ಊರಿನ ಕ್ರೇನಿನಲ್ಲಿ ಏನೇನು ಸೇರಿದೆ ಎಂದು ಬಿಡಿಸಿ ನೋಡುವುದೇ ಒಂದು ಖುಷಿ. ತೋಳು ಹಳೇ ಲಾರಿಯ ಚಾಸಿ ಚಾನೆಲ್ಲು, ಎರಡನ್ನು ಮುಖಾಮುಖಿ ಬೆಸೆದದ್ದು. ಅದರ ಆಸರೆ ರೈಲುಕಂಬಿ. ಡ್ರಮ್ಮು ದಪ್ಪ ಪೈಪು. ವೇಗ ಇಳಿಸಲು ಯಾವುದೋ ಗುಜರಿ ಗಾಡಿಯ ಕ್ರೌನ್ ಪಿನಿಯನ್ (ಹಿಂದಿನ ಆಕ್ಸಲ್ಲಿನ ಗೇರು ಜೋಡಿ). ಕೀಲಿಗೆ ಹಿಂದಿನ ಹಬ್ಬು. ಕಾಲ ತಿಳಿಯಲು ಕೀಲು, ಜೋಡಣೆ ನೋಡಿ: ಬಿಸಿ ರಿವೆಟ್ಟಿನ ದುಂಡು ತಲೆಗಳಿದ್ದರೆ ಹಳೆಯ ಕೈ, ಎಲ್ಲ ಕಡೆ ವೆಲ್ಡಿಂಗ್ ಇದ್ದರೆ ಆಮೇಲಿನದು. ಕಬ್ಬಿಣದ ಅಳತೆಯೂ ಸುಳಿವು ಕೊಡುತ್ತದೆ. ಮೆಟ್ರಿಕ್ ಪದ್ಧತಿಯ ಕಾಯ್ದೆ ಬಂದದ್ದು 1956ರಲ್ಲಿ, ಜಾರಿ ಹಂತಹಂತವಾಗಿ ನಂತರದ ವರ್ಷಗಳಲ್ಲಿ. ಆ್ಯಂಗ್ಲುಗಳು ಸರಿಯಾಗಿ 2 ಇಂಚು, 3 ಇಂಚಿಗೆ ಕೂತು ಮಿಲಿಮೀಟರಿನಲ್ಲಿ ಕೂರದಿದ್ದರೆ ಕಬ್ಬಿಣ ಹಳೆಯದು. ಹಳೇ ಕಬ್ಬಿಣದಲ್ಲಿ ಆಮೇಲೆ ಕಟ್ಟಿರಲೂಬಹುದು, ಅದು ನೆನಪಿರಲಿ.

ಡ್ರಮ್ಮಿಗೆ ಹಗ್ಗ ಸುತ್ತಿ ಭಾರ ಎತ್ತುವ ಸಾಧನವೇ ವಿಂಚು. ಕೈಯಲ್ಲಿ ತಿರುಗಿಸುವ ವಿಂಚಿನಲ್ಲಿ ಎರಡು ಬಗೆ. ಹ್ಯಾಂಡಲಿನ ಶಾಫ್ಟು ಡ್ರಮ್ಮಿಗೆ ಸಮಾನಾಂತರವಾಗಿದ್ದರೆ ಅದು ನೇರ ಹಲ್ಲಿನ ಗೇರು. ಭಾರ ತಾನಾಗಿ ಇಳಿಯದಂತೆ ರಾಚೆಟ್ಟು, ಅದನ್ನು ಕಚ್ಚುವ ನಾಲಿಗೆ, ಬ್ರೇಕ್ ಪಟ್ಟಿ ಇರಲೇಬೇಕು. ಹ್ಯಾಂಡಲಿನ ಶಾಫ್ಟು ಡ್ರಮ್ಮಿಗೆ ಅಡ್ಡಡ್ಡ ಇದ್ದರೆ ಅದು ವರ್ಮ್ ಗೇರು, ಅಂದರೆ ಸ್ಕ್ರೂವಿನಂಥ ದಂಡ ಹಲ್ಲಿನ ಚಕ್ರವನ್ನು ತಿರುಗಿಸುವಂಥದ್ದು. ಒಂದು ಲೆಕ್ಕ ಹಾಕೋಣ. ವರ್ಮ್ ಚಕ್ರಕ್ಕೆ 40 ಹಲ್ಲು, ಡ್ರಮ್ಮಿನ ವ್ಯಾಸ 150 ಮಿ.ಮೀ., ಹ್ಯಾಂಡಲಿನ ಉದ್ದ 35 ಸೆಂ.ಮೀ. ಎಂದುಕೊಳ್ಳಿ. ಹ್ಯಾಂಡಲನ್ನು 40 ಸುತ್ತು ತಿರುಗಿಸಿದರೆ ಡ್ರಮ್ಮು ಒಂದು ಸುತ್ತು, ಹಗ್ಗ 47 ಸೆಂ.ಮೀ. ಒಳಗೆ. ಕೈಯಿಂದ 15 ಕೆ.ಜಿ. ಒತ್ತಿದರೆ ಕಾಗದದ ಮೇಲೆ 2,800 ಕೆ.ಜಿ. ಎಳೆತ. ನಿಜದಲ್ಲಿ 1,100ರ ಆಸುಪಾಸು ಬಂದರೆ ಪುಣ್ಯ, ಉಳಿದದ್ದು ಘರ್ಷಣೆಗೆ ಹೋಯಿತು. ಇಷ್ಟು ನಷ್ಟವೇಕೆ ಎಂದು ಕೊರಗಬೇಕಿಲ್ಲ. ಅರ್ಧಕ್ಕಿಂತ ಹೆಚ್ಚು ಬಲ ತಿನ್ನುವ ಆ ಘರ್ಷಣೆಯೇ ಕೈ ಬಿಟ್ಟಾಗ ಭಾರ ಜಾರದಂತೆ ಹಿಡಿಯುವುದು. ಕೊಕ್ಕೆಗೆ ರಾಟೆ ಸೇರಿಸಿ ಹಗ್ಗವನ್ನು ಎರಡು ಮಡಿಕೆ ಮಾಡಿದರೆ ಎತ್ತುವ ಬಲ ಇಮ್ಮಡಿ, ಏರುವ ವೇಗ ಅರ್ಧ.

ವರ್ಮ್ ಚಕ್ರ ಸಾಮಾನ್ಯವಾಗಿ ಕಂಚು. ಇದಕ್ಕೆ ಈಗಿನ ಹೌಸಿಂಗ್‌ಗೆ ಹಾಕುವ ಜಿಎಲ್-5 ಎಣ್ಣೆ ಸುರಿಯುವವರಿದ್ದಾರೆ. ಅದರಲ್ಲಿರುವ ಗಂಧಕದ ಅಂಶ ಕಂಚನ್ನು ತಿನ್ನುತ್ತದೆ. ಹಳೇ ಬಗೆಯ ಸಾದಾ ಗೇರ್ ಎಣ್ಣೆಯೇ ಸರಿ. ಬಾಕ್ಸಿನ ತಳದ ಪ್ಲಗ್ ಬಿಚ್ಚಿದಾಗ ಎಣ್ಣೆಯಲ್ಲಿ ಹೊಂಬಣ್ಣದ ಪುಡಿ ಮಿನುಗಿದರೆ ಚಕ್ರ ಸವೆಯುತ್ತಿದೆ. ಆ ಕ್ರೇನಿನಡಿ ಯಾರೂ ನಿಲ್ಲಬಾರದು. ನೇರ ಗೇರಿನದರಲ್ಲಿ ನೋಡಬೇಕಾದದ್ದು ನಾಲಿಗೆಯ ತುದಿ. ಮೂಲೆ ದುಂಡಗಾಗಿದ್ದರೆ ಭಾರ ಹೊತ್ತಾಗ ಹಲ್ಲಿನಿಂದ ಜಾರುತ್ತದೆ, ಹ್ಯಾಂಡಲ್ ಬಿರುಗಾಳಿಯಂತೆ ತಿರುಗಿ ಹಿಡಿದವರ ಮುಂಗೈ ಮುರಿಯುತ್ತದೆ.

ವೈರ್ ರೋಪನ್ನು ನೋಡಿ ವರ್ಷ ಹೇಳಲಾಗದು, ಅದು ಎಷ್ಟು ಸಲ ಬದಲಾಗಿದೆಯೋ. ಆದರೆ ಕಟ್ಟಿದವರ ಕೈ ಹೇಗಿತ್ತು ಎಂದು ಹೇಳಬಹುದು. ತುದಿಯ ಕುಣಿಕೆಗೆ ಹಾಕಿದ ಕ್ಲಾಂಪುಗಳಲ್ಲಿ ತಡಿಯಂಥ ಎರಕದ ತುಂಡು ಭಾರ ಹೊರುವ ಹಗ್ಗದ ಕಡೆಗೂ, ಯು-ಬೋಲ್ಟು ಮಡಿಚಿದ ತುದಿಯ ಕಡೆಗೂ ಇರಬೇಕು. ತಿರುಗುಮುರುಗಾದರೆ ಯು-ಬೋಲ್ಟು ಭಾರದ ಹಗ್ಗವನ್ನೇ ಜಜ್ಜುತ್ತದೆ. ಹಗ್ಗದ ದಪ್ಪ ಮೂಲಕ್ಕಿಂತ 10% ಇಳಿದಿದ್ದರೆ, ಅಥವಾ ಎಳೆಗಳು ಗೂಡಿನಂತೆ ಉಬ್ಬಿದ್ದರೆ ಕತ್ತರಿಸಿ ಬಿಸಾಡಬೇಕು.

ಮೂತಿಯ ಮೇಲಿನ ಭಾರ ಯಾಕೆ

ಬಂಪರಿಗೆ ರೈಲುಕಂಬಿ, ಕಾಂಕ್ರೀಟ್ ತುಂಬಿದ ಪೆಟ್ಟಿಗೆ, ಮರಳಿನ ಮೂಟೆ: ಇದು ಅಲಂಕಾರಕ್ಕಲ್ಲ. ಎರಡು ಆಕ್ಸಲ್‌ಗಳ ಅಂತರ 4.2 ಮೀಟರ್, ಹಿಂದಿನ ಆಕ್ಸಲ್ಲಿನಿಂದ ಕೊಕ್ಕೆ 1.8 ಮೀಟರ್ ಹಿಂದೆ ಎಂದಿಟ್ಟುಕೊಳ್ಳಿ. ಕೊಕ್ಕೆಗೆ 3 ಟನ್ ಬಿದ್ದರೆ ಮುಂದಿನ ಚಕ್ರಗಳಿಂದ ಸುಮಾರು 1.3 ಟನ್ ಎದ್ದುಹೋಗುತ್ತದೆ, ಹಿಂದಿನ ಆಕ್ಸಲ್ಲಿಗೆ 4.3 ಟನ್ ಕೂಡುತ್ತದೆ. ಖಾಲಿ ಗಾಡಿಯ ಮುಂದಿನ ಚಕ್ರಗಳ ಮೇಲೆ 2.5 ಟನ್ ಇದ್ದರೆ ಉಳಿದದ್ದು 1.2. ಸ್ಟೀರಿಂಗ್ ಬೆಣ್ಣೆಯಾಗುತ್ತದೆ, ಬ್ರೇಕ್ ಒತ್ತಿದರೆ ಮುಂದಿನ ಚಕ್ರ ಉಜ್ಜಿಕೊಂಡು ಹೋಗುತ್ತದೆ. ಮುಂದಿನ ಆಕ್ಸಲ್ಲಿಗಿಂತ 1 ಮೀಟರ್ ಮುಂದೆ 500 ಕೆ.ಜಿ. ಕಟ್ಟಿದರೆ ಆ ಚಕ್ರಗಳಿಗೆ 620 ಕೆ.ಜಿ.ಯಷ್ಟು ವಾಪಸ್ ಬರುತ್ತದೆ.

ಕ್ರೇನು ಮೂಲದ್ದೋ, ನಿನ್ನೆ ಮೊನ್ನೆ ಕೂರಿಸಿದ್ದೋ ಎಂದು ತಿಳಿಯಲು ಇದೇ ದಾರಿ. ವರ್ಷಗಟ್ಟಲೆ ಎತ್ತಿದ ಗಾಡಿಯಲ್ಲಿ ಮುಂದೆ ಭಾರ ಇರುತ್ತದೆ, ಹಿಂದೆ ಹೆಚ್ಚುವರಿ ಸ್ಪ್ರಿಂಗ್ ಪಟ್ಟಿಗಳಿರುತ್ತವೆ, ಹೌಸಿಂಗ್ ಮತ್ತು ಚಾಸಿಯ ನಡುವೆ ಎತ್ತುವಾಗ ತುರುಕುತ್ತಿದ್ದ ಮರದ ದಿಮ್ಮಿಯ ಗುರುತಿರುತ್ತದೆ. ಚಾಸಿ ಬಿರುಕು ಬಿಡುವುದು ಸಾಮಾನ್ಯವಾಗಿ ಕ್ಯಾಬಿನ್ ಹಿಂದೆ, ಇಲ್ಲವೇ ಹಿಂದಿನ ಸ್ಪ್ರಿಂಗಿನ ಮುಂದಿನ ಹ್ಯಾಂಗರಿನ ಮೇಲೆ. ತಿಳಿದವರು ಅಲ್ಲಿ ಪಟ್ಟಿ ಸೇರಿಸುವಾಗ ತುದಿಯನ್ನು ಓರೆಯಾಗಿ ಕತ್ತರಿಸಿ, ಚಾನೆಲ್ಲಿನ ನಡುಭಾಗಕ್ಕೆ ಬೋಲ್ಟು ಹಾಕುತ್ತಿದ್ದರು. ಮೇಲಿನ ಅಂಚಿಗೆ ಅಡ್ಡವಾಗಿ ವೆಲ್ಡ್ ಎಳೆದಿದ್ದರೆ ಅದರ ಪಕ್ಕದಲ್ಲೇ ಹೊಸ ಬಿರುಕು ಹುಡುಕಿ, ಸಿಗುತ್ತದೆ.

ನೆನಪುಗಳನ್ನು ಕೇಳುವ ಕ್ರಮ

ಹಳೇ ಡ್ರೈವರು, ಕ್ಲೀನರು, ಲೇತಿನವರ ನೆನಪು ದೊಡ್ಡ ಆಸ್ತಿ. ಆದರೆ ವರ್ಷ ಕೇಳಬಾರದು, ವರ್ಷ ಯಾರಿಗೂ ನೆನಪಿರುವುದಿಲ್ಲ. ಪೆಟ್ರೋಲೋ ಡೀಸೆಲ್ಲೋ? ಮುಂದಿನಿಂದ ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುತ್ತಿದ್ದರಾ? ಮುಂದಿನ ಚಕ್ರಕ್ಕೂ ಗೇರಿತ್ತಾ? ವಿಂಚಿಗೆ ಎಷ್ಟು ಜನ ಬೇಕಾಗುತ್ತಿತ್ತು? ಸ್ಪೇರ್ ಪಾರ್ಟ್ಸ್‌ಗೆ ಬೆಂಗಳೂರಿಗೆ ಹೋಗುತ್ತಿದ್ದರೋ ಮದ್ರಾಸಿಗೋ? ಎಳೆದು ತರುವ ಮುಂಚೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುತ್ತಿದ್ದರಾ? ಕೊನೆಯದಕ್ಕೆ "ಹೂಂ, ಇಲ್ಲಾಂದ್ರೆ ಗೇರ್‌ಬಾಕ್ಸ್ ಸೀಜ್ ಆಗ್ತಿತ್ತು" ಎಂದು ಥಟ್ಟನೆ ಉತ್ತರ ಬಂದರೆ ಕೆಲಸ ಮಾಡಿದವರೇ ಎಂದು ತಿಳಿಯಿರಿ. ಎಂಜಿನ್ ನಿಂತಾಗ ಗೇರ್‌ಬಾಕ್ಸಿನ ಒಳಗೆ ಎಣ್ಣೆ ಚಿಮ್ಮುವುದಿಲ್ಲ, ಹಿಂದಿನ ಚಕ್ರ ಉರುಳುತ್ತಿದ್ದರೆ ಮೇನ್ ಶಾಫ್ಟ್ ಒಣಗಿ ಸುಡುತ್ತದೆ. ಮೈಲಿಗಟ್ಟಲೆ ಎಳೆದು ತಂದು ನೋಡಿದವರಿಗಷ್ಟೇ ಇದು ನಾಲಿಗೆಯ ತುದಿಯಲ್ಲಿರುತ್ತದೆ.

ಫೋಟೋ ಸಿಕ್ಕಿದರೆ ಮೊದಲು ನಂಬರ್ ಪ್ಲೇಟು ನೋಡಿ. ಎಂವೈ, ಎಂಇ, ಸಿಎ ಎಂದು ಶುರುವಾಗುವ ಮೂರಕ್ಷರದ ನಂಬರುಗಳು 1989ಕ್ಕೆ ಮುಂಚಿನವು. ಆಮೇಲೆ ಕೆಎ ಬಂತು: ತುಮಕೂರಿಗೆ 06, ಕೋಲಾರಕ್ಕೆ 07, ಕೆಜಿಎಫ್‌ಗೆ 08, ಚಿಕ್ಕಬಳ್ಳಾಪುರಕ್ಕೆ 40.

ಉಳಿಸಿಕೊಳ್ಳುವವರಿಗೆ ಕಾಗದದ ತೊಡಕೂ ಇದೆ. 50 ವರ್ಷ ದಾಟಿದ ವಾಹನಗಳಿಗೆ "ವಿಎ" ನಂಬರ್ ಕೊಡುವ 2021ರ ವಿಂಟೇಜ್ ನಿಯಮ ದ್ವಿಚಕ್ರ ವಾಹನ ಮತ್ತು ಕಾರುಗಳ ವರ್ಗಕ್ಕೆ ಮಾತ್ರ. ಲಾರಿಗೆ ಅದರಲ್ಲಿ ಜಾಗವಿಲ್ಲ. ಇನ್ನೊಂದೆಡೆ 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ, ಹಾಗಾಗಿ ಇಲಾಖೆಗಳ ಹಳೇ ಬ್ರೇಕ್‌ಡೌನ್ ಗಾಡಿಗಳೂ ಗುಜರಿಯ ಸಾಲಿಗೆ ಬರುತ್ತಿವೆ. ಇಡೀ ಗಾಡಿ ಕೊಳ್ಳಲಾಗದಿದ್ದರೆ ಗ್ಯಾಸ್ ಕಟರ್ ಬರುವ ಮುಂಚೆ ಇಷ್ಟಾದರೂ ಮಾಡಬಹುದು: ಚಾಸಿ ನಂಬರಿನ ಪೆನ್ಸಿಲ್ ಅಚ್ಚು, ಕೌಲ್ ಫಲಕ ಮತ್ತು ವಿಂಚಿನ ಎರಕದ ಅಕ್ಷರಗಳ ಫೋಟೋ, ಆಕ್ಸಲ್ ಅಂತರ, ಕೊಕ್ಕೆಯ ಅಂತರ, ತೋಳಿನ ಉದ್ದ, ಡ್ರಮ್ಮಿನ ವ್ಯಾಸ, ಗೇರಿನ ಹಲ್ಲುಗಳ ಲೆಕ್ಕ. ವಿಂಚು ಒಂದನ್ನೇ ಕೇಳಿದರೆ ಗುಜರಿಯವರು ಕಬ್ಬಿಣದ ತೂಕದ ಬೆಲೆಗೆ ಕೊಡುವುದುಂಟು. ಕಂಚಿನ ಚಕ್ರ ಒಳಗಿದೆ ಎಂದು ಗೊತ್ತಾದರೆ ಮಾತ್ರ ರೇಟು ಬೇರೆ.